ಹಲ್ಲು ಕೀಳಿಸಿದ ದಿನ ಮೂಳೆಯ ಮಾತು ಯಾರೂ ಎತ್ತೋದಿಲ್ಲ

ಒಂಬತ್ತು ವರ್ಷದ ಹಿಂದೆ ಅಮ್ಮನ ಮೇಲಿನ ದವಡೆ ಹಲ್ಲೊಂದನ್ನು ಕೀಳಿಸಿದ್ದೆವು. ಹದಿನೈದು ನಿಮಿಷದ ಕೆಲಸ, ಐನೂರು ರೂಪಾಯಿ. ಹತ್ತಿ ಕಚ್ಚಿಕೊಂಡು ಆಟೋದಲ್ಲಿ ಮನೆಗೆ ಬಂದಳು, ಸಂಜೆ ಐಸ್‌ಕ್ರೀಮ್ ತಿಂದಳು, ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಹಿಂದಿನ ಹಲ್ಲು ತಾನೇ, ನಕ್ಕರೂ ಕಾಣೋದಿಲ್ಲ, ಇನ್ನೊಂದು ಕಡೆ ಅಗಿದರಾಯಿತು. ಕಳೆದ ವರ್ಷ ಆ ಇನ್ನೊಂದು ಕಡೆಯ ಹಲ್ಲೂ ಕೈಕೊಟ್ಟಿತು. ಗೌರಿ ಹಬ್ಬದ ಮಾರನೇ ದಿನ ನೋಡಿದರೆ, ಚಕ್ಕುಲಿಯನ್ನು ಉಗುರಿನಷ್ಟು ಚೂರು ಮಾಡಿ ಕಾಫಿಗೆ ಹಾಕಿ, ಅದು ಮೆತ್ತಗಾಗುವ ತನಕ ಕಾದು ಕೂತಿದ್ದಳು. ಆಗ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಚಿಕಿತ್ಸೆಯ ಮಾತು ಶುರುವಾಯಿತು.

ಸ್ಕ್ಯಾನ್ ಮಾಡಿಸಿ ಬನ್ನಿ ಅಂದರು. ಸಿಬಿಸಿಟಿ ಅಂತಾರೆ, ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ದವಡೆಯನ್ನು ಬ್ರೆಡ್ ಸ್ಲೈಸ್ ಥರ ಬಿಲ್ಲೆ ಬಿಲ್ಲೆಯಾಗಿ ಕಂಪ್ಯೂಟರಿನಲ್ಲಿ ತೋರಿಸುತ್ತದೆ. ಡಾಕ್ಟರು ಮೌಸ್ ಉರುಳಿಸುತ್ತಾ ಹಲ್ಲು ಇಲ್ಲದ ಜಾಗಕ್ಕೆ ಬಂದು ನಿಂತರು. ಒಂದು ಗೆರೆ ಎಳೆದರು. ಪಕ್ಕದಲ್ಲಿ 3.8 ಮಿಲಿಮೀಟರ್ ಅಂತ ಬಂತು, ಉಳಿದಿರುವ ಮೂಳೆ ಅಷ್ಟೇ. ಮೇಲೆ ಕಪ್ಪಗೆ ದೊಡ್ಡ ಗುಹೆ ಥರ ಕಾಣೋದು ಸೈನಸ್, ಅಂದರೆ ಬರೀ ಗಾಳಿ. ಸಾಮಾನ್ಯವಾಗಿ ಹಾಕುವ ಇಂಪ್ಲಾಂಟಿನ ಉದ್ದ 8ರಿಂದ 12 ಮಿಲಿಮೀಟರ್. ಮೊಳೆ ಹೊಡೆಯೋಕೆ ಗೋಡೆಯೇ ಇಲ್ಲ. ಎಸ್ಟಿಮೇಟ್ ಚೀಟಿಯಲ್ಲಿ ಎರಡು ಸಾಲು ಇತ್ತು: ಇಂಪ್ಲಾಂಟ್ ಮತ್ತು ಕ್ಯಾಪಿಗೆ 38 ಸಾವಿರ, ಸೈನಸ್ ಲಿಫ್ಟ್ ಮತ್ತು ಬೋನ್ ಗ್ರಾಫ್ಟಿಗೆ, ಅಂದರೆ ಇಲ್ಲದ ಮೂಳೆಯನ್ನು ತುಂಬಿಸುವ ಕೆಲಸಕ್ಕೆ, 30 ಸಾವಿರ.

ಮೊದಲನೇ ಸಾಲು ಗೊತ್ತಿದ್ದದ್ದೇ, ಮಾನಸಿಕವಾಗಿ ತಯಾರಾಗಿ ಹೋಗಿದ್ದೆವು. ಎರಡನೇ ಸಾಲು ನೋಡಿ ಸಿಟ್ಟು ಬಂತು. ಮೂಳೆ ಇಲ್ಲದ್ದಕ್ಕೆ ಬಂದ ಸಿಟ್ಟಲ್ಲ ಅದು. ಹೀಗಾಗುತ್ತದೆ ಅಂತ ಒಂಬತ್ತು ವರ್ಷದ ಹಿಂದೆ ಯಾರೂ ಒಂದು ಮಾತು ಹೇಳಲಿಲ್ಲವಲ್ಲ, ಅದಕ್ಕೆ. ಆಮೇಲೆ ಓದುತ್ತಾ ಕೇಳುತ್ತಾ ಹೋದ ಹಾಗೆ ಗೊತ್ತಾಯಿತು, ಇದು ನಮ್ಮೊಬ್ಬರ ಕಥೆಯಲ್ಲ. ಇಂಪ್ಲಾಂಟ್ ಬಗ್ಗೆ ಜನ ಮಾತಾಡುವಾಗ ಯಾವ ಕಂಪನಿ, ಎಷ್ಟು ರೇಟು, ನೋವಾಗುತ್ತಾ ಅಂತಲೇ ಕೇಳುತ್ತಾರೆ. ಆದರೆ ಇಡೀ ಚಿಕಿತ್ಸೆ ಸುಲಭವೋ ಕಷ್ಟವೋ, ಮೂರು ತಿಂಗಳೋ ಒಂದು ವರ್ಷವೋ ಅನ್ನೋದನ್ನು ಹೆಚ್ಚಾಗಿ ತೀರ್ಮಾನ ಮಾಡೋದು ಮೂಳೆ. ಮತ್ತು ಆ ಮೂಳೆಯ ಗಡಿಯಾರ ಓಡೋಕೆ ಶುರುವಾಗೋದು ಹಲ್ಲು ಕಿತ್ತ ದಿನ.

ಯಾಕೆ ಕರಗುತ್ತದೆ ಅಂತ ನೋಡೋಣ. ಹಲ್ಲಿನ ಬೇರನ್ನು ಸುತ್ತಿಕೊಂಡಿರುವ ಮೂಳೆ ಹಲ್ಲಿಗೋಸ್ಕರವೇ ಬಂದದ್ದು. ಹುಟ್ಟಿನಿಂದ ಹಲ್ಲೇ ಬಾರದವರಲ್ಲಿ ಆ ಭಾಗದ ಮೂಳೆಯೂ ಸರಿಯಾಗಿ ಬೆಳೆದಿರೋದಿಲ್ಲ. ಬೇರಿಗೂ ಮೂಳೆಗೂ ಮಧ್ಯೆ ಕೂದಲೆಳೆಯಷ್ಟು ತೆಳ್ಳಗಿನ ನಾರಿನ ಪದರ ಇದೆ. ನಾವು ಅಗಿದಾಗೆಲ್ಲ ಆ ನಾರು ಮೂಳೆಯನ್ನು ಜಗ್ಗುತ್ತದೆ, ರಕ್ತವನ್ನೂ ಕೊಡುತ್ತದೆ. ಹಲ್ಲು ಕಿತ್ತರೆ ನಾರೂ ಹೋಯಿತು, ಜಗ್ಗುವವರು ಇಲ್ಲ, ಉಣಿಸುವವರೂ ಇಲ್ಲ. ಮುಂದಿನ ಹಲ್ಲುಗಳ ಹೊರಗಡೆಯ ಮೂಳೆ ಗೋಡೆಯಂತೂ ಬಹಳ ಜನರಲ್ಲಿ ಒಂದು ಮಿಲಿಮೀಟರಿಗಿಂತ ತೆಳು, ಅದು ಮೊದಲು ಮಾಯವಾಗುತ್ತದೆ. ಮೊದಲ ಒಂದು ವರ್ಷದಲ್ಲಿ ಆ ಜಾಗದ ಅಗಲದಲ್ಲಿ ಸುಮಾರು ಅರ್ಧ ಹೋಗುತ್ತದೆ. ಹೋಗುವುದರಲ್ಲಿ ಮೂರನೇ ಎರಡು ಭಾಗ ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಅಂದರೆ ನೀವು ‘ಗಾಯ ಆರಲಿ, ಹಬ್ಬ ಮುಗೀಲಿ, ಆಮೇಲೆ ನೋಡೋಣ’ ಅನ್ನುವ ಹೊತ್ತಿಗೆ ದೊಡ್ಡ ನಷ್ಟ ಆಗಿಹೋಗಿರುತ್ತದೆ.

ಮೇಲಿನ ದವಡೆಯ ಹಿಂಭಾಗದಲ್ಲಿ ಇನ್ನೂ ಒಂದು ಫಜೀತಿ. ಕೆಳಗಿಂದ ಮೂಳೆ ಸವೆಯುತ್ತಾ ಮೇಲಕ್ಕೆ ಹೋಗುತ್ತದೆ, ಮೇಲಿಂದ ಸೈನಸ್ ಖಾಲಿ ಜಾಗ ಸಿಕ್ಕಿತು ಅಂತ ಕೆಳಕ್ಕೆ ಇಳಿಯುತ್ತದೆ. ಅಮ್ಮನಿಗೆ ಆಗಿದ್ದು ಇದೇ. ಕೆಳಗಿನ ದವಡೆಯಲ್ಲಿ ಸೈನಸ್ ಇಲ್ಲ, ಆದರೆ ಅಲ್ಲಿ ತುಟಿಗೆ ಸ್ಪರ್ಶ ಕೊಡುವ ನರ ಮೂಳೆಯೊಳಗೇ ಹಾದುಹೋಗುತ್ತದೆ. ಮೂಳೆ ಸವೆದಷ್ಟೂ ಡ್ರಿಲ್ಲಿಗೂ ನರಕ್ಕೂ ದೂರ ಕಡಿಮೆ. ಕನಿಷ್ಠ 2 ಮಿಲಿಮೀಟರ್ ಅಂತರ ಬಿಡಬೇಕು ಅನ್ನೋದು ರೂಢಿ. ಬಿಡದಿದ್ದರೆ ತುಟಿ, ಗದ್ದ ಜೋಮು ಹಿಡಿದ ಹಾಗೆ ಆಗಬಹುದು, ಕೆಲವರಿಗೆ ಅದು ವಾಪಸ್ ಬರೋದೇ ಇಲ್ಲ.

ಪೂರ್ತಿ ಸೆಟ್ ಹಾಕಿಕೊಂಡವರಲ್ಲಿ ಈ ಸವೆತ ಹತ್ತಾರು ವರ್ಷ ನಡೆಯುತ್ತಲೇ ಇರುತ್ತದೆ, ಅದೂ ಕೆಳಗಿನ ದವಡೆಯಲ್ಲಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ನಮ್ಮ ಅಜ್ಜ ಮದುವೆ ಮನೆಯಲ್ಲಿ ಊಟಕ್ಕೆ ಕೂತ ಕೂಡಲೇ ಕೆಳಗಿನ ಸೆಟ್ ತೆಗೆದು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಡುತ್ತಿದ್ದರು. ಆಗ ನಗು ಬರುತ್ತಿತ್ತು. ಆ ಸೆಟ್ ಕೂರೋಕೆ ಕೆಳಗೆ ದಿಣ್ಣೆಯೇ ಉಳಿದಿರಲಿಲ್ಲ ಅಂತ ಈಗ ಅರ್ಥವಾಗುತ್ತಿದೆ.

ಸರಿ, ಇಷ್ಟೆಲ್ಲ ಡೆಂಟಿಸ್ಟುಗಳಿಗೆ ಗೊತ್ತಿಲ್ಲವಾ? ಓದುವಾಗಲೇ ಗೊತ್ತಿರುತ್ತದೆ. ಹಾಗಾದರೆ ಹೇಳೋದಿಲ್ಲ ಯಾಕೆ? ನನಗೆ ಅನ್ನಿಸುವ ಪ್ರಕಾರ ತಪ್ಪು ಅರ್ಧ ನಮ್ಮದೂ ಇದೆ. ಹಲ್ಲು ಕೀಳಿಸೋಕೆ ಹೋಗುವವರು ನೋವಲ್ಲಿ ಒದ್ದಾಡುತ್ತಾ ಹೋಗಿರುತ್ತಾರೆ, ಎರಡು ರಾತ್ರಿ ನಿದ್ದೆ ಇಲ್ಲ, ಒಮ್ಮೆ ಕಿತ್ತು ಎಸೆದರೆ ಸಾಕು ಅನ್ನುವ ಸ್ಥಿತಿ. ಆ ಹೊತ್ತಲ್ಲಿ ಡಾಕ್ಟರು ‘ಇಲ್ಲೊಂದು ಗ್ರಾಫ್ಟ್ ಹಾಕೋಣ, ಎಂಟು ಹತ್ತು ಸಾವಿರ ಆಗುತ್ತೆ’ ಅಂದರೆ ನಾವು ಏನಂದುಕೊಳ್ಳುತ್ತೇವೆ? ಐನೂರರ ಕೆಲಸಕ್ಕೆ ಹತ್ತು ಸಾವಿರ ಸುಲಿಯೋಕೆ ನೋಡ್ತಿದಾನೆ ಅಂತ. ಸುಮ್ನೆ ಕಿತ್ತು ಕಳಿಸಿದವರು ಒಳ್ಳೆ ಡಾಕ್ಟರು, ಮೂಳೆಯ ಮಾತೆತ್ತಿದವರು ದುಡ್ಡಿನ ಡಾಕ್ಟರು. ಹೀಗೆ ಹೇಳಿಸಿಕೊಂಡು ಹೇಳಿಸಿಕೊಂಡು ಪ್ರಾಮಾಣಿಕರು ಸುಮ್ಮನಾಗುತ್ತಾರೆ. ಇನ್ನೊಂದು ತುದಿಯಲ್ಲಿ ಬಂದ ಪ್ರತಿಯೊಬ್ಬರ ಪ್ರತಿಯೊಂದು ಗುಂಡಿಗೂ ಗ್ರಾಫ್ಟ್ ತುಂಬಿ ಬಿಲ್ ಮಾಡುವವರೂ ಇದ್ದಾರೆ. ಎರಡಕ್ಕೂ ಮದ್ದು ಒಂದೇ, ಕುರ್ಚಿ ಮೇಲೆ ಕೂರುವ ಮುಂಚೆ ನಮಗೇ ಸ್ವಲ್ಪ ವಿಷಯ ಗೊತ್ತಿರಬೇಕು.

ಇಂಪ್ಲಾಂಟ್ ಅಂದರೆ ನಿಜವಾಗಿ ಒಂದು ಟೈಟಾನಿಯಂ ಸ್ಕ್ರೂ, ಕೃತಕ ಬೇರು. ಅದರ ಮೇಲೆ ಒಂದು ಜೋಡಣೆಯ ತುಂಡು, ಅದರ ಮೇಲೆ ಕ್ಯಾಪ್. ಇದು ಸಿಕ್ಕಿದ್ದು ಹಲ್ಲು ಹುಡುಕಲು ಹೊರಟವರಿಗಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡೋಕೆ ಟೈಟಾನಿಯಂನ ಪುಟ್ಟ ಕೊಳವೆಯೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಬಿಚ್ಚೋಕೆ ಹೋದರೆ ಬರಲಿಲ್ಲ, ಮೂಳೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿತ್ತು. ಬೇರೆಯವರಾಗಿದ್ದರೆ ಕಿರಿಕಿರಿಯಾಗಿ ಬೈದುಕೊಂಡು ಬಿಡುತ್ತಿದ್ದರು, ಇವರು ಅದನ್ನೇ ಹಿಡಿದುಕೊಂಡು ಹೋದರು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಗೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಮೊದಲ ಸಲ ಹಾಕಿದರು. 2006ರಲ್ಲಿ ಆತ ತೀರಿಕೊಳ್ಳುವ ತನಕ, ನಲವತ್ತು ವರ್ಷ ಅದು ಬಾಯಲ್ಲೇ ಇತ್ತು. ಅಷ್ಟಾದರೂ ದಂತವೈದ್ಯ ಲೋಕ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು 1982ರ ಟೊರಾಂಟೊ ಸಮ್ಮೇಳನದ ನಂತರವೇ.

ಇಲ್ಲಿ ಒಂದು ಮಾತು ಮರೆಯಬಾರದು. ಟೈಟಾನಿಯಂ ಸುಮ್ಮನೆ ಸ್ಕ್ರೂ ಬಿಗಿದ ಹಾಗೆ ಕೂತಿರೋದಿಲ್ಲ, ಮೂಳೆಯ ಕೋಶಗಳು ಬಂದು ಅದರ ಮೈಗೆ ಅಂಟಿಕೊಂಡೇ ಬೆಳೆಯಬೇಕು. ಅದಕ್ಕೆ ಜೀವಂತ ಮೂಳೆ ಬೇಕು, ಸ್ಕ್ರೂವಿನ ಸುತ್ತ ಎಲ್ಲ ಕಡೆ ಕನಿಷ್ಠ ಒಂದು, ಒಂದೂವರೆ ಮಿಲಿಮೀಟರ್ ಆದರೂ ಬೇಕು, ಮತ್ತು ಸಮಯ ಬೇಕು. ಡ್ರಿಲ್ ಮಾಡುವಾಗ ಸಲೈನ್ ನೀರು ಸುರಿಯುತ್ತಲೇ ಇರುತ್ತಾರಲ್ಲ, ಅದೂ ಇದಕ್ಕೇ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಸಾಯೋಕೆ ಶುರುವಾಗುತ್ತದೆ. ನಾವು ಕುಡಿಯುವ ಬಿಸಿ ಕಾಫಿ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ!

ಈಗ ಆ ಎರಡನೇ ಸಾಲಿಗೆ ಬರೋಣ. ಬೋನ್ ಗ್ರಾಫ್ಟ್ ಅಂದ ಕೂಡಲೇ ಅಮ್ಮನ ಕಣ್ಣ ಮುಂದೆ ಬಂದದ್ದು ಸೊಂಟದ ಮೂಳೆ ಕತ್ತರಿಸಿ ಬಾಯಿಗೆ ಹೊಲಿಯುವ ದೃಶ್ಯ. ದೊಡ್ಡ ಆಪರೇಷನ್ನುಗಳಲ್ಲಿ ಅದೂ ಉಂಟು, ಆದರೆ ಒಂದೆರಡು ಹಲ್ಲಿನ ವಿಷಯದಲ್ಲಿ ಅಷ್ಟು ದೂರ ಹೋಗೋದಿಲ್ಲ. ಡಾಕ್ಟರು ತೋರಿಸಿದ್ದು ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಬಾಟಲಿ, ಒಳಗೆ ಅರ್ಧ ಗ್ರಾಂ ಬಿಳಿ ಹರಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಬನ್ಸಿ ರವೆ ಇದ್ದ ಹಾಗಿದೆಯಲ್ಲ’ ಅಂದಳು. ಸರಿಯಾಗೇ ಹೇಳಿದಳು. ಒಂದು ಕಾಳು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ತನಕ ಇರುತ್ತದೆ. ಆ ರವೆಯನ್ನು ರಕ್ತದಲ್ಲಿ ಕಲಸಿ ಖಾಲಿ ಜಾಗಕ್ಕೆ ತುಂಬುತ್ತಾರೆ.

ಬಹಳ ಜನ ಇದನ್ನು ಸಿಮೆಂಟ್ ಥರ ಗಟ್ಟಿಯಾಗುವ ಪದಾರ್ಥ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಾಗಲ ಬಳ್ಳಿಗೆ ಚಪ್ಪರ ಕಟ್ಟುತ್ತೇವಲ್ಲ, ಇದು ಆ ಚಪ್ಪರ. ನಮ್ಮದೇ ರಕ್ತನಾಳಗಳು, ಮೂಳೆ ಕೋಶಗಳು ಪಕ್ಕದ ಗೋಡೆಯಿಂದ ಬಂದು ಈ ಕಾಳುಗಳ ಸಂದಿಯಲ್ಲಿ ಹಬ್ಬಬೇಕು. ಕೆಲವು ಬಗೆಯ ಕಾಳು ನಿಧಾನಕ್ಕೆ ಕರಗಿ ಆ ಜಾಗವನ್ನು ನಮ್ಮ ಮೂಳೆಗೆ ಬಿಟ್ಟುಕೊಡುತ್ತವೆ, ಕೆಲವು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಮೇಲೆ ಒಂದು ತೆಳ್ಳಗಿನ ಪೊರೆ ಮುಚ್ಚುತ್ತಾರೆ, ಬಿಲ್ಲಿನಲ್ಲಿ ‘ಮೆಂಬ್ರೇನ್’ ಅಂತ ಬರೋದು ಅದೇ. ವಸಡು ಕಳೆ ಇದ್ದ ಹಾಗೆ, ದಿನಗಳಲ್ಲಿ ಬೆಳೆದು ನುಗ್ಗುತ್ತದೆ. ಮೂಳೆ ಬೆಳೆ ಇದ್ದ ಹಾಗೆ, ತಿಂಗಳುಗಟ್ಟಲೆ ಬೇಕು. ಕಳೆಯನ್ನು ತಡೆಯದಿದ್ದರೆ ಗುಂಡಿಯ ತುಂಬಾ ವಸಡೇ ತುಂಬಿಕೊಳ್ಳುತ್ತದೆ. ನಿಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸಿ ಮಾಡುವ ಪಿಆರ್‌ಎಫ್ ಅನ್ನುವ ಜೆಲ್ಲಿಯನ್ನೂ ಕೆಲವರು ಜೊತೆಗೆ ಹಾಕುತ್ತಾರೆ. ಗಾಯ ಮಾಯಲು ಅದು ಒಳ್ಳೆಯದೇ, ಆದರೆ ದೊಡ್ಡ ಗುಂಡಿಯಲ್ಲಿ ಅದೊಂದೇ ಮೂಳೆ ಕಟ್ಟುತ್ತದೆ ಅಂದರೆ ನಾನು ಒಪ್ಪೋದಿಲ್ಲ.

ಆಗ ಅಮ್ಮ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ‘ಇದು ಯಾವುದರ ಮೂಳೆ?’

ಡಾಕ್ಟರು ಒಂದು ಕ್ಷಣ ತಡೆದರು. ದನದ್ದು ಅಂದರು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ, ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಗ್ರಾಫ್ಟುಗಳಲ್ಲಿ ದನದ ಮೂಳೆಯಿಂದ ಮಾಡಿದ್ದೇ ಮುಖ್ಯ. ಅದರಲ್ಲಿನ ಪ್ರೋಟೀನನ್ನೆಲ್ಲ ತೆಗೆದು ಬರೀ ಖನಿಜದ ಹಂದರ ಉಳಿಸಿರುತ್ತಾರೆ. ಮೆಂಬ್ರೇನುಗಳಲ್ಲಿ ಕೆಲವು ಹಂದಿಯ ಕೊಲಾಜೆನ್, ಕೆಲವು ದನದ್ದು. ಮನುಷ್ಯರ ಮೂಳೆಯೂ ಉಂಟು, ದಾನಿಗಳಿಂದ ಬಂದದ್ದನ್ನು ಒಣಗಿಸಿ ವಿಕಿರಣ ಹಾಯಿಸಿ ಶುದ್ಧ ಮಾಡಿದ್ದು; ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಈ ಕೆಲಸ ಮಾಡುತ್ತಿದೆ. ಕಾರ್ಖಾನೆಯಲ್ಲೇ ಮಾಡುವ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳಿವೆ, ಅದರಲ್ಲಿ ಪ್ರಾಣಿಯ ಅಂಶ ಏನೂ ಇಲ್ಲ. ಇನ್ನು ನಿಮ್ಮದೇ ಗದ್ದದ ಅಥವಾ ಬುದ್ಧಿಹಲ್ಲಿನ ಹಿಂದಿನ ಮೂಳೆ ಕೆರೆದು ತೆಗೆಯಬಹುದು. ಜೀವಕೋಶ ಇರೋದು ಅದರಲ್ಲಿ ಮಾತ್ರ, ಆದರೆ ಇನ್ನೊಂದು ಕಡೆ ಗಾಯ ಆಗುತ್ತದೆ.

ಮೊಟ್ಟೆ ಮುಟ್ಟಿದ ಸೌಟನ್ನೇ ಬೇರೆ ಇಡುವ ಮನೆಗಳಿರುವ ನಾಡು ನಮ್ಮದು, ಹಂದಿ ಅಂದರೆ ಬೇಡವೇ ಬೇಡ ಅನ್ನುವ ಮನೆಗಳೂ ಇಲ್ಲೇ ಇವೆ. ತಿಳಿದ ಮೇಲೆ ಪರವಾಗಿಲ್ಲ ಅನ್ನುವವರು ಬಹಳ ಜನ ಇರಬಹುದು, ಔಷಧ ತಾನೇ ಅಂತ. ಆದರೆ ತಿಳಿಸದೇ ಹಾಕೋದು ತಪ್ಪು. ಸಹಿ ಹಾಕಿಸಿಕೊಳ್ಳುವ ಫಾರಂ ಬಹಳ ಕಡೆ ಇಂಗ್ಲಿಷಿನಲ್ಲಿರುತ್ತದೆ, ಅದರಲ್ಲಿ ‘ಜೀನೋಗ್ರಾಫ್ಟ್’ ಅಂತ ಒಂದು ಪದ ಇರುತ್ತದೆ. ಆ ಪದ ಓದಿ ದನ ಅಂತ ಯಾರಿಗೆ ಅರ್ಥವಾಗಬೇಕು ಹೇಳಿ. ಬೇರೆ ಪ್ರಾಣಿಯಿಂದ ಬಂದದ್ದು ಅಂತ ಅದರರ್ಥ. ಕೇಳಿ, ಬಾಯಿ ಬಿಟ್ಟು ಕೇಳಿ, ಯಾವುದರಿಂದ ಮಾಡಿದ್ದು ಅಂತ.

ಸೈನಸ್ ಲಿಫ್ಟ್ ಅನ್ನೋದು ಈ ರವೆಯನ್ನೇ ಸೈನಸ್ಸಿನ ನೆಲದ ಮೇಲೆ ತುಂಬುವ ಕೆಲಸ. ಕೆನ್ನೆಯ ಒಳಗಿನಿಂದ ಮೂಳೆಯಲ್ಲಿ ಪುಟ್ಟ ಕಿಟಕಿ ಕೊರೆದು, ಸೈನಸ್ಸಿನ ಒಳಪೊರೆಯನ್ನು ಹರಿಯದ ಹಾಗೆ ಮೆಲ್ಲಗೆ ಎಬ್ಬಿಸಿ, ಅದರ ಕೆಳಗೆ ತುಂಬಬೇಕು. ಆ ಪೊರೆ ಎಷ್ಟು ನಾಜೂಕು ಅಂದರೆ, ಕಲಿಯುವ ಡಾಕ್ಟರುಗಳು ಹಸಿ ಮೊಟ್ಟೆಯ ಚಿಪ್ಪನ್ನು ಕೊರೆದು ಒಳಪೊರೆ ಒಡೆಯದಂತೆ ಅಭ್ಯಾಸ ಮಾಡುತ್ತಾರೆ. ಪೊರೆ ಹರಿಯುವುದೇ ಇದರ ಅತಿ ಸಾಮಾನ್ಯ ತೊಂದರೆ. ಸಣ್ಣ ಹರಕಾದರೆ ಮುಚ್ಚಿ ಮುಂದುವರಿಯುತ್ತಾರೆ, ದೊಡ್ಡದಾದರೆ ಹೊಲಿದು ಕೆಲವು ತಿಂಗಳು ಬಿಟ್ಟು ಬನ್ನಿ ಅನ್ನುತ್ತಾರೆ. ಆಮೇಲೆ ಒಂದೆರಡು ವಾರ ಮೂಗು ಸೀಟುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಮೂಳೆ ಸ್ವಲ್ಪವಾದರೂ ಇದ್ದು ಸ್ಕ್ರೂ ಗಟ್ಟಿ ನಿಂತರೆ ಅದೇ ದಿನ ಇಂಪ್ಲಾಂಟನ್ನೂ ಹಾಕುತ್ತಾರೆ, ಇಲ್ಲದಿದ್ದರೆ ಆರರಿಂದ ಒಂಬತ್ತು ತಿಂಗಳು ಕಾಯಬೇಕು.

ಇದೆಲ್ಲ ಓದಿ ‘ಅಯ್ಯೋ, ಹಲ್ಲು ಕಿತ್ತ ಎಲ್ಲರೂ ಅಂದೇ ಗ್ರಾಫ್ಟ್ ಹಾಕಿಸಬೇಕು’ ಅಂದುಕೊಳ್ಳಬೇಡಿ. ಬುದ್ಧಿಹಲ್ಲು ಕಿತ್ತರೆ ಬೇಡ. ಕೊನೆಯ ದವಡೆ ಹಲ್ಲು ಹೋಗಿ ಉಳಿದದ್ದೆಲ್ಲ ಗಟ್ಟಿ ಇದ್ದರೆ ಅದನ್ನು ಕಟ್ಟಿಸಲೇಬೇಕು ಅಂತ ಇಲ್ಲ, ಮೇಲೆ ಕೆಳಗೆ ಸೇರಿ ಎದುರುಬದುರಾಗಿ ಕೂರುವ 20 ಹಲ್ಲು ಇದ್ದರೆ ಬಹಳ ಜನ ಆರಾಮಾಗಿ ಊಟ ಮಾಡುತ್ತಾರೆ. ಗೋಡೆಗಳು ದಪ್ಪಗೆ ಇದ್ದು, ಎರಡು ಮೂರು ತಿಂಗಳಲ್ಲೇ ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೂ ಕೆಲವೊಮ್ಮೆ ಬೇಡ. ಬೇಕಾಗೋದು ಮುಖ್ಯವಾಗಿ ಮುಂದಿನ ಹಲ್ಲುಗಳಿಗೆ, ಗೋಡೆ ತೆಳು ಅಥವಾ ಮುರಿದಿರುವಲ್ಲಿ, ಮತ್ತು ಈಗ ದುಡ್ಡಿಲ್ಲ, ಆರೇಳು ತಿಂಗಳು ಬಿಟ್ಟು ಇಂಪ್ಲಾಂಟ್ ಮಾಡಿಸುತ್ತೇನೆ ಅನ್ನುವವರಿಗೆ. ಅದೂ ಸವೆತವನ್ನು ಕಡಿಮೆ ಮಾಡುತ್ತದೆ ಅಷ್ಟೇ, ಪೂರ್ತಿ ನಿಲ್ಲಿಸೋದಿಲ್ಲ. ಕಿತ್ತ ದಿನವೇ ಇಂಪ್ಲಾಂಟ್ ತೂರಿಸಿದರೆ ಮೂಳೆ ಕರಗೋದೇ ಇಲ್ಲ ಅಂತ ಹೇಳುವವರಿದ್ದಾರೆ, ಅದೂ ನಿಜವಲ್ಲ. ಸ್ಕ್ರೂ ಒಳಗಿದ್ದರೂ ಹೊರಗೋಡೆ ತನ್ನ ಪಾಡಿಗೆ ಸವೆಯುತ್ತದೆ.

ಹಾಗೇ ಮೂಳೆ ಕಡಿಮೆ ಅಂದಾಕ್ಷಣ ಗ್ರಾಫ್ಟೇ ಗತಿ ಅಂತಲೂ ಇಲ್ಲ. 6 ಮಿಲಿಮೀಟರಿನ ಗಿಡ್ಡ ಇಂಪ್ಲಾಂಟುಗಳು ಈಗ ಚೆನ್ನಾಗಿ ನಡೆಯುತ್ತಿವೆ. ಪೂರ್ತಿ ದವಡೆಗಾದರೆ ಪೋರ್ಚುಗಲ್ಲಿನ ಪಾಲೋ ಮಾಲೋ ಜನಪ್ರಿಯ ಮಾಡಿದ ನಾಲ್ಕು ಇಂಪ್ಲಾಂಟುಗಳ ವಿಧಾನ ಇದೆ, ಹಿಂದಿನ ಎರಡನ್ನು ಓರೆಯಾಗಿ ಹಾಕಿ ಸೈನಸ್ಸನ್ನೂ ನರವನ್ನೂ ತಪ್ಪಿಸುತ್ತಾರೆ. ಪಕ್ಕದ ಎರಡೂ ಹಲ್ಲಿಗೆ ಆಗಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜೇ (ಪಕ್ಕದ ಹಲ್ಲುಗಳನ್ನು ಕೆತ್ತಿ ಅವುಗಳ ಆಧಾರದಲ್ಲಿ ಕೂರಿಸುವ ಹಲ್ಲು) ಜಾಣತನ, ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಅದೇ ಪಕ್ಕದ ಹಲ್ಲುಗಳು ಮುತ್ತಿನ ಹಾಗಿದ್ದರೆ, ಒಂದು ಹಲ್ಲಿಗೋಸ್ಕರ ಎರಡನ್ನು ಕೆತ್ತಿಸೋದು ನನಗಂತೂ ಸಂಕಟದ ಕೆಲಸ.

‘72 ಗಂಟೆಯಲ್ಲಿ ಹಲ್ಲು, ಗ್ರಾಫ್ಟ್ ಬೇಡ, ಜೀವನಪೂರ್ತಿ ವಾರಂಟಿ’ ಅನ್ನುವ ರೀಲ್‌ಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಅವಸರದಲ್ಲಿ ಹಲ್ಲು ಕೊಡೋದು ಸುಳ್ಳೇನಲ್ಲ. ಇಂಪ್ಲಾಂಟುಗಳು ಗಟ್ಟಿಯಾಗಿ ಕೂತು, ಎಲ್ಲವನ್ನೂ ಒಟ್ಟಿಗೆ ಬಿಗಿದು ಕಟ್ಟಿದರೆ ಅದೇ ವಾರ ಹಲ್ಲು ಕೂರಿಸಬಹುದು. ಆದರೆ ಅದು ಎಲ್ಲರ ಬಾಯಿಗೂ ಹೊಂದೋದಿಲ್ಲ. ದವಡೆಯ ಆಳದ ಗಟ್ಟಿ ಪದರಕ್ಕೇ ಉದ್ದದ ಸ್ಕ್ರೂ ಹೊಡೆಯುವ ಬಗೆಯದು ಕೈಕೊಟ್ಟರೆ ಬಿಚ್ಚೋದು, ಮತ್ತೆ ಸರಿಮಾಡೋದು ಎರಡೂ ಕಷ್ಟ. ವಾರಂಟಿಯ ವಿಷಯಕ್ಕೆ ಬಂದರೆ ಕಂಪನಿ ಬದಲಿಸಿಕೊಡೋದು ಸ್ಕ್ರೂವನ್ನು. ಮತ್ತೆ ಆಪರೇಷನ್ ಮಾಡುವ ಖರ್ಚು, ಆ ಮಧ್ಯೆ ಹೋದ ಮೂಳೆ, ನಿಮ್ಮ ರಜೆ, ಇದು ಯಾವುದೂ ಅದರಲ್ಲಿ ಬರೋದಿಲ್ಲ.

ಅಂಕಿ ಅಂಶದಲ್ಲೂ ಒಂದು ಮರೆಮಾಚು ಇದೆ. ಹತ್ತು ವರ್ಷದ ನಂತರವೂ 100ಕ್ಕೆ ಸುಮಾರು 95 ಇಂಪ್ಲಾಂಟುಗಳು ಉಳಿದಿರುತ್ತವೆ ಅನ್ನುತ್ತಾರೆ, ನಿಜ. ಆದರೆ ಆ ಲೆಕ್ಕದಲ್ಲಿ ‘ಉಳಿಯೋದು’ ಅಂದರೆ ಬಾಯಲ್ಲಿ ಇರೋದು ಅಂತ ಮಾತ್ರ. ಸುತ್ತ ವಸಡು ಊದಿ, ಕೀವು ಬಂದು, ಮೂಳೆ ಮತ್ತೆ ಕರಗುತ್ತಿದ್ದರೂ ಅದು ಉಳಿದವರ ಪಟ್ಟಿಯಲ್ಲೇ. ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಇಂಪ್ಲಾಂಟ್ ಹಾಕಿಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿದೆ. ಮೂಳೆ ಕರಗಿ ಹಲ್ಲು ಹೋಯಿತು, ಗ್ರಾಫ್ಟ್ ಹಾಕಿ ಇಂಪ್ಲಾಂಟ್ ಕೂರಿಸಿದೆವು, ಮೊದಲ ಹಲ್ಲನ್ನು ಕಳೆದ ಅದೇ ವಸಡಿನ ರೋಗ ಹಾಗೇ ಇದೆ ಅಂದರೆ ಸ್ಕ್ರೂ ತಾನೇ ಏನು ಮಾಡೀತು? ನಾರಿನ ಪದರ ಇಲ್ಲದ್ದರಿಂದ ಇಂಪ್ಲಾಂಟಿನ ಸುತ್ತಲಿನ ಸೋಂಕು ಮೂಳೆಗೆ ಇಳಿಯೋದೂ ಬೇಗ. ಕ್ಲೀನಿಂಗ್‌ಗೆ ವರ್ಷಕ್ಕೆ ಎರಡು ಸಲವಾದರೂ ಹೋಗಬೇಕು, ಅದಕ್ಕೂ ದುಡ್ಡು ತೆಗೆದಿಡಬೇಕು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ತೊಂದರೆ ಇಲ್ಲ, ಹತೋಟಿ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಸಿಗರೇಟು, ಬೀಡಿ ಸೇದುವವರಲ್ಲಿ ಫೇಲಾಗುವ ಸಾಧ್ಯತೆ ಜಾಸ್ತಿ. ನಮ್ಮ ಮಲೆನಾಡು, ಕರಾವಳಿ ಕಡೆಯವರಿಗೆ ಇನ್ನೊಂದು ಮಾತು. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆ ಒಳಗೆ ಬಿಗಿಯಾಗಿ ಬಾಯಿ ಸರಿಯಾಗಿ ತೆರೆಯದಿದ್ದರೆ ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ಲೇ ಹೋಗೋದಿಲ್ಲ. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತವಾ ನೋಡಿಕೊಳ್ಳಿ. ಹೋಗದಿದ್ದರೆ ಇಂಪ್ಲಾಂಟ್ ಆಮೇಲೆ, ಆ ಬಿಗಿತವನ್ನು ಮೊದಲು ತೋರಿಸಿ, ಅದು ಕ್ಯಾನ್ಸರಿಗೆ ತಿರುಗುವ ಅಪಾಯ ಇರುವ ಸ್ಥಿತಿ. ಮೈಮೂಳೆಯ ಸವೆತಕ್ಕೆ (ಆಸ್ಟಿಯೋಪೊರೋಸಿಸ್) ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತಗೊಳ್ಳುವ ಹೆಂಗಸರು ಅದನ್ನು ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು, ಇಂಪ್ಲಾಂಟಿಗೆ ಮಾತ್ರ ಅಲ್ಲ, ಹಲ್ಲು ಕೀಳಿಸುವ ಮುಂಚೆಯೂ. ಕೆಲವರಲ್ಲಿ ದವಡೆಯ ಗಾಯ ಮಾಯದೇ ಮೂಳೆ ಸಾಯುವ ಅಪಾಯ ಇದೆ. ಇನ್ನು ಸೈಕಲ್ಲಿಂದ ಬಿದ್ದು ಹಲ್ಲು ಕಳಕೊಂಡ ಹನ್ನೆರಡರ ಹುಡುಗನಿಗೆ ಇಂಪ್ಲಾಂಟ್ ಬೇಡ. ದವಡೆ ಬೆಳೆಯುತ್ತದೆ, ಸ್ಕ್ರೂ ಅಲ್ಲೇ ನಿಲ್ಲುತ್ತದೆ, ಕೆಲವು ವರ್ಷದಲ್ಲಿ ಆ ಹಲ್ಲು ಗಿಡ್ಡಾಗಿ ಕಾಣುತ್ತದೆ.

ದುಡ್ಡಿನ ಮಾತಿಗೆ ಬಂದರೆ, ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹಲ್ಲು ಬರೋದಿಲ್ಲ, ಅಪಘಾತವಾಗಿ ಆಸ್ಪತ್ರೆ ಸೇರಿದರೆ ಮಾತ್ರ ಬೇರೆ. ದಕ್ಷಿಣ ಕೊರಿಯಾದಲ್ಲಿ 2014ರಿಂದ ಸರ್ಕಾರಿ ವಿಮೆಯೇ ವಯಸ್ಸಾದವರ ಇಂಪ್ಲಾಂಟಿನ ಖರ್ಚಲ್ಲಿ ಪಾಲು ಕೊಡುತ್ತಿದೆ. ಮೊದಲು 75 ದಾಟಿದವರಿಗೆ ಇತ್ತು, 2016ಕ್ಕೆ 65ಕ್ಕೆ ಇಳಿಸಿದರು, ಒಬ್ಬರಿಗೆ ಜೀವಮಾನದಲ್ಲಿ ಎರಡು. ನಮ್ಮ ಕ್ಲಿನಿಕ್ಕುಗಳಲ್ಲಿ ಕಡಿಮೆ ರೇಟಿನಲ್ಲಿ ಸಿಗುವ ಆಸ್ಟೆಮ್, ಡೆಂಟಿಯಂ ಎರಡೂ ಆ ದೇಶದವೇ. ಸ್ವಿಟ್ಜರ್ಲೆಂಡಿನ ಸ್ಟ್ರಾಮನ್, ಸ್ವೀಡನ್ ಮೂಲದ ನೋಬೆಲ್ ಬಯೋಕೇರ್ ದುಬಾರಿ. ಬ್ರಾಂಡಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಹೆಸರಿರುವ ಯಾವುದಾದರೂ ಸಾಕು, ಆದರೆ ಪ್ಯಾಕೆಟ್ ಮೇಲಿನ ಸ್ಟಿಕ್ಕರ್ ನಿಮ್ಮ ಕೈಗೆ ಬರಬೇಕು. ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರುತ್ತದೆ. ಎಂಟು ವರ್ಷದ ನಂತರ ಸ್ಕ್ರೂ ಸಡಿಲವಾದರೆ ಶಿವಮೊಗ್ಗದ ಡಾಕ್ಟರಿಗೋ ಸಿಡ್ನಿಯ ಡಾಕ್ಟರಿಗೋ ಯಾವ ಸ್ಕ್ರೂಡ್ರೈವರ್ ತರಿಸಬೇಕು ಅಂತ ಗೊತ್ತಾಗೋದು ಅದರಿಂದಲೇ. ಮೂರು ವಾರದ ರಜೆಯಲ್ಲಿ ಊರಿಗೆ ಬಂದು ಎಲ್ಲ ಮುಗಿಸಿ ಹೋಗಬೇಕು ಅನ್ನುವ ವಿದೇಶದ ಕನ್ನಡಿಗರು ಇದನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಗ್ರಾಫ್ಟ್ ಬೇಕಾದವರಿಗೆ ಒಂದು ರಜೆಯಲ್ಲಿ ಆಗೋದಿಲ್ಲ, ಎರಡು ಮೂರು ಟ್ರಿಪ್ ಅಂತ ಮೊದಲೇ ಲೆಕ್ಕ ಹಾಕಿ.

ಇಂಪ್ಲಾಂಟ್ ಅನ್ನೋದು ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದವರಿಗೆ ಮಾತ್ರ ಅಂತ ಬಿಟ್ಟುಬಿಡುವ ಹಾಗೂ ಇಲ್ಲ. ದೇಶದಲ್ಲಿ ಡೆಂಟಲ್ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆಗೆ ಆಗುತ್ತದೆ, ಕಾಯೋದು ಮಾತ್ರ ಜಾಸ್ತಿ. ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಸೆಟ್ ಹಲ್ಲು ಉಚಿತವಾಗಿ ಸಿಗುವಂತೆ ಸರ್ಕಾರ ಮಾಡಿತ್ತು, ಒಳ್ಳೆಯ ಕೆಲಸ. ಆದರೆ ಕೆಳಗಿನ ಸೆಟ್ ನಿಲ್ಲದೇ ಒದ್ದಾಡುವ ನಮ್ಮ ಅಜ್ಜನಂಥವರಿಗೆ ಗದ್ದದ ಭಾಗದಲ್ಲಿ ಎರಡೇ ಎರಡು ಇಂಪ್ಲಾಂಟ್ ಹಾಕಿ ಸೆಟ್ಟನ್ನು ಗುಂಡಿ ಒತ್ತಿದ ಹಾಗೆ ಅದರ ಮೇಲೆ ಕೂರಿಸಬಹುದು. 2002ರಲ್ಲೇ ಕೆನಡಾದ ಮೆಕ್‌ಗಿಲ್‌ನಲ್ಲಿ ಸೇರಿದ್ದ ತಜ್ಞರು, ಕೆಳಗೆ ಒಂದೂ ಹಲ್ಲಿಲ್ಲದವರಿಗೆ ಮೊದಲು ಹೇಳಬೇಕಾದ ಚಿಕಿತ್ಸೆ ಇದೇ ಅಂದಿದ್ದರು. ದವಡೆಯ ಆ ಮುಂಭಾಗದಲ್ಲಿ ಎಷ್ಟೇ ಸವೆದಿದ್ದರೂ ಬಹಳ ಜನರಲ್ಲಿ ಎರಡು ಸ್ಕ್ರೂಗೆ ಆಗುವಷ್ಟು ಮೂಳೆ ಉಳಿದಿರುತ್ತದೆ, ಗ್ರಾಫ್ಟ್ ಬೇಕಾಗೋದು ಅಪರೂಪ. ಹನ್ನೆರಡು ಇಂಪ್ಲಾಂಟಿನ ಪ್ಯಾಕೇಜಿನ ಜಾಹೀರಾತು ಎಲ್ಲ ಕಡೆ ಕಾಣುತ್ತದೆ, ಈ ಎರಡರ ಮಾತು ಎಲ್ಲೂ ಕೇಳಿಸೋದಿಲ್ಲ.

ಅಮ್ಮನ ವಿಷಯ ಏನಾಯಿತು ಅಂದರೆ, ಎರಡು ಕಡೆ ಎರಡು ತೀರ್ಮಾನ. ಒಂಬತ್ತು ವರ್ಷದ ಹಳೇ ಜಾಗವನ್ನು ಹಾಗೇ ಬಿಟ್ಟೆವು. ವಯಸ್ಸು 68, ಸೈನಸ್ ಆಪರೇಷನ್ ಬೇಡ, ಆ ಕಡೆ ಊಟಕ್ಕೆ ಬೇಕಾದಷ್ಟು ಹಲ್ಲು ಮುಂದೆ ಇವೆ. ಹೊಸದಾಗಿ ಕೈಕೊಟ್ಟ ಇನ್ನೊಂದು ಕಡೆಯ ಹಲ್ಲನ್ನು ಕೀಳಿಸಿದ ದಿನವೇ ಗ್ರಾಫ್ಟ್ ಹಾಕಿಸಿದೆವು, ಕಾರ್ಖಾನೆಯ ಹರಳಿನದ್ದು, ಅವಳೇ ಆರಿಸಿದ್ದು. ನಾಲ್ಕು ತಿಂಗಳ ನಂತರದ ಸ್ಕ್ಯಾನಿನಲ್ಲಿ 9 ಮಿಲಿಮೀಟರ್ ಬಂತು. ಈಗ ಸ್ಕ್ರೂ ಒಳಗಿದೆ, ಮೇಲೆ ವಸಡು ಮುಚ್ಚಿದೆ, ಕ್ಯಾಪಿಗೆ ಇನ್ನೂ ಸಮಯ ಇದೆ. ಈ ಸಲದ ಗೌರಿ ಹಬ್ಬಕ್ಕೆ ಹಲ್ಲು ಬರೋದಿಲ್ಲ ಅಂತ ಗೊತ್ತಾದ ಮೇಲೆ ಅಮ್ಮ ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿ ಅಂತ ನನ್ನ ಹೆಂಡತಿಗೆ ಈಗಲೇ ಹೇಳಿಟ್ಟಿದ್ದಾಳೆ.